ತಮ್ಮನ ಪಾತ್ರ

ಮೆಟ್ಟಿಲ ಮೇಲೆ ಅಕ್ಕ ಶೂ ಕಳಚುವ ಸದ್ದು ಕೇಳಿದರೆ ಸಾಕು, ಅವನ ಉಸಿರು ನಿಲ್ಲುತ್ತಿತ್ತು. ಬೇಕೆಂದು ನಿಲ್ಲಿಸುತ್ತಿದ್ದುದಲ್ಲ, ಎದೆ ತಾನಾಗಿಯೇ ಕದ ಹಾಕಿಕೊಳ್ಳುತ್ತಿತ್ತು. ಮೊದಲು ಒಂದು ಶೂ, ಆಮೇಲೆ ಇನ್ನೊಂದು, ಆಮೇಲೆ ಬೀಗದ ಕೈಯ ಸಣ್ಣ ಗಲಗಲ, ಕೊನೆಗೆ "ಬಂದೆ ಕಣೋ, ನಿನ್ ಬಾಗಿಲು ಹಾಕ್ಕೋ" ಎಂಬ ದಣಿದ ಕೂಗು. ಅವನ ಬಾಗಿಲು ಅಷ್ಟರಲ್ಲಿ ಹಾಕಿಯೇ ಇರುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೂ ಹೇಳುತ್ತಿದ್ದಳು; ಹೇಳಿದರೆ ಅವನು ಬಾಗಿಲು ಹಾಕಿಕೊಂಡದ್ದು ಅವಳ ಮಾತಿಗೆ ಎಂದಾಗುತ್ತದಲ್ಲ, ಅದಕ್ಕೆ. ಬಚ್ಚಲಲ್ಲಿ ನೀರು ಬೀಳುವ ಸದ್ದು ನಿಂತ ಮೇಲೂ ಅವನು ಬಹಳ ಹೊತ್ತು ಹೊರಗೆ ಬರುತ್ತಿರಲಿಲ್ಲ. ಆಸ್ಪತ್ರೆಯ ಗಾಳಿ ಅವಳ ಕೂದಲಿಗೆ ಸಿಕ್ಕಿಕೊಂಡು ಬಂದು ನಡುಮನೆಯಲ್ಲಿ ಉದುರುತ್ತದೆ, ಅದು ನೆಲಕ್ಕಿಳಿಯುವವರೆಗೆ ಕಾಯಬೇಕು ಎಂದು ಅವನ ನಂಬಿಕೆ. ಪರೀಕ್ಷೆಗೆಂದು ವಿಜ್ಞಾನವನ್ನು ಅರೆದು ಕುಡಿದಿದ್ದ. ಯಾವ ಪುಸ್ತಕದಲ್ಲೂ ಹಾಗೆ ಬರೆದಿರಲಿಲ್ಲ. ಹೆದರಿಕೆಗೆ ತನ್ನದೇ ವಿಜ್ಞಾನವಿತ್ತು.

ಇವತ್ತು ಬೆಳಗು ಏರಿದರೂ ಶೂ ಸದ್ದಿಲ್ಲ. ನರ್ಸಾಗಿದ್ದ ಅವಳ ರಾತ್ರಿ ಪಾಳಿ ಮುಗಿದು ಎಷ್ಟೋ ಹೊತ್ತಾಗಿತ್ತು. ಆಸ್ಪತ್ರೆಯವರೇ ಅವಳನ್ನು ಅಲ್ಲಿ ಉಳಿಸಿಕೊಂಡಿರಬಹುದು ಎಂಬ ಯೋಚನೆ ಬಂತು. ಬಂದಾಗ ಎದೆ ಹಗುರಾಯಿತು. ಹಗುರಾದದ್ದು ಗೊತ್ತಾದಾಗ ನಾಚಿಕೆಯಾಯಿತು. ನಾಚಿಕೆಯಾದದ್ದರಿಂದ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮಂಚದ ಕೆಳಗಿನ ಚೀಲಕ್ಕೆ ಹಿಮ್ಮಡಿ ತಾಗಿತು. ಕಾಲು ಹಿಂದಕ್ಕೆಳೆದುಕೊಂಡ. ಎದುರಿಗೆ ಪುಸ್ತಕದ ರಾಶಿಗೆ ಒರಗಿಸಿದ್ದ ಫೋನಿನಲ್ಲಿ ಮೂವರು ಮಾತಾಡಿಕೊಳ್ಳುತ್ತಿದ್ದರು.

"ತಾತ, ಇದೀರಾ? ಇಲ್ಲಾ ಕೂತಲ್ಲೇ ಸಮಾಧಿ ಸ್ಥಿತಿನಾ?" ಎಂದ ಅಂಕಿಅಂಶ. ಗುಂಪಿನಲ್ಲಿ ಅವನೇ ಕಿರಿಯ. ಏನು ಕೇಳಿದರೂ ಶೇಕಡಾವಾರು ಹೇಳುವುದರಿಂದ ಆ ಹೆಸರು ಬಿದ್ದಿತ್ತು. ಎಲ್ಲರಿಗಿಂತ ಹಿರಿಯನಾದ ಇವನಿಗೆ ತಾತ ಎಂಬ ಹೆಸರು. ಮೂವತ್ತು ದಾಟಿದ್ದೇ ತಡ, ಈ ಲೋಕದಲ್ಲಿ ಮನುಷ್ಯ ತಾತನಾಗುತ್ತಿದ್ದ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ಇದೇ ಕೊನೆಯ ಪರೀಕ್ಷೆ. ಆಡಳಿತ ಸೇವೆಯ ಬಾಗಿಲು ಇದಾದ ಮೇಲೆ ಮುಚ್ಚುವುದಲ್ಲ, ಅಲ್ಲೊಂದು ಬಾಗಿಲು ಇತ್ತೆಂಬುದನ್ನೇ ಮರೆಯಬೇಕು.

"ಇದೀನಿ."

"ಮುಂದೂಡ್ತಾರಂತೆ. ಎಪ್ಪತ್ತು ಪರ್ಸೆಂಟ್ ಪಕ್ಕಾ."

"ಹೋದ ತಿಂಗಳೂ ನೀನು ಇದನ್ನೇ ಹೇಳಿ ನನ್ನ ನಿದ್ದೆ ಕೆಡಿಸ್ದೆ. ನಿನ್ನ ಬಾಯಿಗೆ ಮಾಸ್ಕ್ ಅಲ್ಲ, ಬೀಗ ಹಾಕ್ಬೇಕು" ಎಂದಳು ಲಾಯರಮ್ಮ. ಕಾನೂನು ಓದಿ, ಕೋರ್ಟಿನ ಮೆಟ್ಟಿಲು ಹತ್ತದೆ ಇತ್ತ ಬಂದವಳು. "ನೆಟ್ಟಗೆ ಒಂದು ಮಾತು ಹೇಳೋಕೆ ಏನು ರೋಗ ಅವ್ರಿಗೆ? ನಡೆಸ್ತೀವಿ ಅನ್ನಲಿ, ಇಲ್ಲ ಅನ್ನಲಿ. ನಾವೇನು ಬಾವಿಕಟ್ಟೆ ಮೇಲೆ ಕೂತಿರೋ ಕೊಡಗಳಾ, ಅವ್ರು ಹಗ್ಗ ಬಿಡೋವರೆಗೂ ಕಾಯೋಕೆ?"

"ನಡೆದರೆ ಒಳ್ಳೇದು, ನಡೀದಿದ್ರೂ ಒಳ್ಳೇದು" ಎಂದರು ಮೇಷ್ಟ್ರು. ಎರಡು ಸಲ ಸಂದರ್ಶನದವರೆಗೆ ಹೋಗಿ ಬಿದ್ದು ಈಗ ಬೇರೆಯವರಿಗೆ ಪಾಠ ಹೇಳಿಕೊಂಡು ತಾವೂ ಬರೆಯುತ್ತಿದ್ದವರು. ಯಾವುದಕ್ಕೂ ಎರಡು ಮಗ್ಗುಲು ಹೇಳದೆ ಅವರ ಬಾಯಿ ಮುಚ್ಚುತ್ತಿರಲಿಲ್ಲ. "ಈಗ ಪ್ರಸಂಗಕ್ಕೆ ಬರೋಣ. ಇವತ್ತು ತಾತನ ಸರದಿ. ನಾವು ಮೂವರೂ ಮೈಕ್ ಮುಚ್ಚೋಣ."

ಪ್ರಸಂಗ ಎಂದರೆ ನೀತಿಶಾಸ್ತ್ರದ ಪತ್ರಿಕೆಗೆ ಅವರು ಮಾಡಿಕೊಂಡ ತಾಲೀಮು. ಪರೀಕ್ಷೆಯಲ್ಲಿ ಒಂದು ಇಕ್ಕಟ್ಟನ್ನು ಕೊಟ್ಟು, ನೀನು ಅಧಿಕಾರಿಯಾಗಿದ್ದರೆ ಏನು ಮಾಡುತ್ತೀ ಎಂದು ಕೇಳುತ್ತಾರೆ. ಮೊದಮೊದಲು ಇವರೂ ಒಬ್ಬರು ಓದುವುದು, ಉಳಿದವರು ಉತ್ತರಿಸುವುದು ಎಂದಿಟ್ಟುಕೊಂಡಿದ್ದರು. ಎಲ್ಲರೂ ನಾಲ್ಕು ಗೋಡೆಗೆ ಬಿದ್ದು ತಿಂಗಳುಗಳು ಸರಿದ ಮೇಲೆ ಓದಿದ್ದು ಕಿವಿಗೆ ಇಳಿಯದಾಯಿತು. ಓದಬೇಡಿ, ಆಡಿ ತೋರಿಸಿ ಎಂದು ಲಾಯರಮ್ಮನೇ ಹೊಸ ಕಟ್ಟಳೆ ತಂದಳು. ಕ್ಯಾಮೆರಾ ಮುಚ್ಚಬೇಕು, ಮುನ್ನುಡಿ ಇರಬಾರದು, ಸರದಿಯವನು, ಬೇಕಾದರೆ ಮನೆಯವರನ್ನೂ ಸೇರಿಸಿಕೊಂಡು, ಎಲ್ಲ ಪಾತ್ರವನ್ನೂ ದನಿಯಲ್ಲೇ ಕಟ್ಟಬೇಕು, ಕೊನೆಯಲ್ಲಿ ಅವನೇ ಅಧಿಕಾರಿಯಾಗಿ ತೀರ್ಪು ಹೇಳಬೇಕು, ಉಳಿದವರು ಹತ್ತಕ್ಕೆ ಅಂಕ ಕೊಡಬೇಕು. ಹೋದವಾರ ಅಂಕಿಅಂಶ ತನ್ನ ಅಪ್ಪನನ್ನೇ ಬೇಡಿಕೊಂಡು ಲಂಚಕೋರ ಗುತ್ತಿಗೆದಾರನ ಪಾತ್ರ ಮಾಡಿಸಿದ್ದ. ಅಪ್ಪ ನಡುವೆ ಸೀನಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಇಡೀ ದಿನದಲ್ಲಿ ನಗು ಬರುತ್ತಿದ್ದುದು ಅದೊಂದೇ ಗಳಿಗೆ. ತಾತ ಇವತ್ತು ಒಂದು ಕುಸಿದ ಸೇತುವೆಯ ಪ್ರಸಂಗವನ್ನು ಸಿದ್ಧಮಾಡಿಕೊಂಡಿದ್ದ. ಕ್ಯಾಮೆರಾ ಮುಚ್ಚಿ ಮೈಕ್ ತೆರೆದ. ಗಂಟಲು ಸರಿಮಾಡಿಕೊಂಡ.

ಯಾರೋ ಬಾಗಿಲು ಬಡಿದರು.

ಅಕ್ಕ ಬಡಿಯುವವಳಲ್ಲ. ಇದು ಬೆರಳಿನ ಗಂಟಿನ ಬಡಿತ, ಮನೆ ತನ್ನದೆಂದು ಗೊತ್ತಿರುವ ಕೈಯದು. ಕಿವಿಯ ವಯರು ಕಿತ್ತುಹಾಕಿ ಎದ್ದ. ಅವನ ಕೋಣೆಯ ಬಾಗಿಲು ದಾಟಿದರೆ ನಡುಮನೆ ನಾಲ್ಕು ಹೆಜ್ಜೆ. ಮುಂಬಾಗಿಲನ್ನು ಮುಖದ ಅಗಲ ಮಾತ್ರ ತೆಗೆದ. ಮನೆ ಮಾಲೀಕ ಮೂಗಿನ ಕೆಳಗೆ ಜಾರಿದ ಮಾಸ್ಕನ್ನು ಒಂದು ಕೈಯಿಂದ ಎತ್ತಿ ಹಿಡಿದುಕೊಂಡು ನಿಂತಿದ್ದ. ಅವನ ಹೆಗಲಾಚೆ, ಮೆಟ್ಟಿಲ ತಿರುವಿನಲ್ಲಿ, ಶೂ ಕಳಚದೆ ಅಕ್ಕ ನಿಂತಿದ್ದಳು. ಮಾಸ್ಕಿನ ಅಂಚು ಕೆನ್ನೆಯ ಮೇಲೆ ಗೀರಿದ ಕೆಂಪು ಗೆರೆ ಇಲ್ಲಿಗೂ ಕಾಣುತ್ತಿತ್ತು.

"ನೋಡಿ ಸಾಹೇಬ್ರೇ" ಎಂದ ಮಾಲೀಕ ದೊಡ್ಡ ದನಿಯಲ್ಲಿ. ಕೆಲಸ ಸಿಗುವ ಮುಂಚೆಯೇ ಅವನು ಕೊಟ್ಟಿದ್ದ ಬಿರುದು ಅದು. ಅದರಲ್ಲಿ ಎಷ್ಟು ಗೌರವ, ಎಷ್ಟು ಚುಚ್ಚು ಎಂದು ಅಳೆಯಲು ಇವನಿಗೆ ಎಂದೂ ಆಗಿರಲಿಲ್ಲ. "ಕೆಳಗೆ ನನ್ ಮೊಮ್ಮಕ್ಕಳಿದಾರೆ. ಆಸ್ಪತ್ರೆಯಿಂದ ಬಂದವರು ಇದೇ ಮೆಟ್ಟಿಲು ಹತ್ತೋದು, ಇದೇ ಕಂಬಿ ಹಿಡಿಯೋದು. ಇವತ್ತಿಂದ ಆಗಲ್ಲ. ನಿಮ್ಮಕ್ಕ ಆಸ್ಪತ್ರೇಲೇ ಇರ್ಲಿ. ರೋಗ ಹೋದ್ಮೇಲೆ ಬರ್ಲಿ, ನಾನೇನು ಬೇಡ ಅಂತೀನಾ?"

"ಅಲ್ಲಿ ಜಾಗ ಇಲ್ಲ ಅಂಕಲ್" ಎಂದಳು ಅಕ್ಕ. "ಒಂದ್ ರೂಮಲ್ಲಿ ಎಂಟು ಜನ ಮಲಗ್ತಿದಾರೆ. ಸರದಿ ಮೇಲೆ ಕಾಲು ಚಾಚ್ಬೇಕು. ಈ ಮನೆ ಬಾಡಿಗೆಗೆ ತಗೊಂಡಿರೋದು ನಾನು. ನನ್ನ ಮನೆಗೇ ನಾನು ಬರೋಹಾಗಿಲ್ವಾ?"

"ನನ್ ಕೇಳ್ಬೇಡಮ್ಮ. ನಿನ್ ತಮ್ಮನ್ನ ಕೇಳು."

ಅವಳು ಇವನನ್ನು ನೋಡಿದಳು. ಹೇಳು ಎಂಬ ನೋಟ. ಅವನು ಮಾತಿನಲ್ಲಿ ಗೆಲ್ಲುವವನು ಎಂದು ಚಿಕ್ಕಂದಿನಿಂದ ಊರಿಗೆಲ್ಲ ಹೇಳಿಕೊಂಡು ಬಂದವಳು ಅವಳೇ. ಆರೋಗ್ಯ ಸಿಬ್ಬಂದಿಯನ್ನು ಮನೆಯಿಂದ ಹೊರಹಾಕುವುದು ಯಾವ ಕಾನೂನಿನ ಪ್ರಕಾರ ಅಪರಾಧ, ಎಷ್ಟು ಶಿಕ್ಷೆ, ಯಾರಿಗೆ ದೂರು ಕೊಡಬೇಕು, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಅದು ಅಲ್ಲೇ ಉಳಿಯಿತು.

"ನೋಡಿ, ಅವಳಿಗೂ ಕಷ್ಟ ಆಗುತ್ತೆ..." ಎಂದು ತೊಡಗಿದ.

"ಅಯ್ಯೋ, ಈಗೇನು ಸಾಹೇಬ್ರೇ ಹೀಗೆ ರಾಗ ಎಳೀತೀರಾ?" ಮಾಲೀಕನ ಮಾಸ್ಕು ಜಾರಿತು. "ಮೊನ್ನೆ ನೀರಿನ ಟ್ಯಾಂಕ್ ಹತ್ರ ನೀವೇ ತಾನೇ ಅಂದಿದ್ದು? 'ನಾನು ಹೇಳಿದ್ರೆ ಬೇಜಾರಾಗುತ್ತೆ, ನೀವು ಹೇಳಿಬಿಡಿ, ನನ್ನ ಪರೀಕ್ಷೆ ಮುಗಿಯೋವರೆಗೆ ಸಾಕು' ಅಂತ? ನಾನು ಕೆಟ್ಟವನಾಗೋಕೆ ಒಪ್ಕೊಂಡು ಇಲ್ಲಿ ಬಂದು ನಿಂತಿದ್ರೆ, ನೀವು ಒಳ್ಳೆಯವರಾಗ್ತೀರಲ್ಲ!"

ಮೆಟ್ಟಿಲ ಕೆಳಗೆಲ್ಲೋ ನಲ್ಲಿ ಸೋರುತ್ತಿತ್ತು. ಟ್ಯಾಂಕಿನ ಹತ್ತಿರ ಆಡಿದ ಮಾತು ಅವನಿಗೆ ಮರೆತಿರಲಿಲ್ಲ. ಅದು ಯಾರೋ ಆಡಿದ್ದು ಎಂಬಂತೆ ಇಟ್ಟುಕೊಂಡಿದ್ದ, ಅಷ್ಟೆ. ಈಗ ಅಕ್ಕನ ಮುಖ ನೋಡಬೇಕಾಯಿತು. ವಾರ್ಡಿನಲ್ಲಿ ಯಾವುದಾದರೂ ಯಂತ್ರ ನಿಂತುಹೋದಾಗ ಹೀಗೇ ನೋಡುತ್ತಾಳೇನೋ ಎನಿಸಿತು: ಯಾವ ತಂತಿ ಕಳಚಿದೆ ಎಂದು ಹುಡುಕುವ ನೋಟ.

"ಹೌದೇನೋ?" ಎಂದಳು.

"ಅಕ್ಕ, ಇದೇ ಕೊನೇದು. ನಿಂಗೆ ಗೊತ್ತಲ್ಲ. ಜ್ವರ ಬಂದ್ರೆ ಪರೀಕ್ಷೆ ಗೇಟ್ ಒಳಗೇ ಬಿಡಲ್ಲ ಅವ್ರು. ಹತ್ತು ವರ್ಷ..."

"ಹೌದಾ ಅಂತ ಕೇಳ್ದೆ."

"ಹೌದು."

"ನನ್ನ ಹತ್ರಾನೇ ಹೇಳಿದ್ರೆ ಹೋಗ್ತಿದ್ನಲ್ಲೋ" ಎಂದಳು. ಇಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಅಲ್ಲೊಂದು ಕಡೆ ಸೀಳಿತು. "ಸರಿ. ನನ್ನ ಬಟ್ಟೆ ಕೊಡು. ಆ ಹಸಿರು ಸ್ವೆಟರು ಎಲ್ಲಿಟ್ಟಿದೀನೋ, ಹುಡುಕಬೇಕು ನೀನು..."

ಅವನು ಹುಡುಕಲಿಲ್ಲ. ಹುಡುಕುವಂತೆ ನಟಿಸಿ ಸ್ವಲ್ಪ ಹೊತ್ತು ಒಳಗೆ ನಿಲ್ಲಬಹುದಿತ್ತು, ಅದೂ ಹೊಳೆಯಲಿಲ್ಲ. ಕೋಣೆಗೆ ಹೋಗಿ ಮಂಚದ ಕೆಳಗಿನ ಚೀಲವನ್ನು ಎಳೆದು ತಂದು ಹೊಸ್ತಿಲಾಚೆ ಇಟ್ಟು, ಹಿಂದೆ ಸರಿದ. ಹಸಿರು ಸ್ವೆಟರಿನ ತೋಳು ಜಿಪ್ಪಿನ ಬಾಯಲ್ಲಿ ಸಿಕ್ಕಿಕೊಂಡಿತ್ತು.

"ಮೊದಲೇ ತುಂಬಿಟ್ಟಿದ್ಯಾ" ಎಂದಳು ಅಕ್ಕ. ಅದು ಪ್ರಶ್ನೆಯಾಗಿರಲಿಲ್ಲ.

ಬಾಗಿಲು ಹಾಕಿಕೊಂಡ. ಹಾಕಿಕೊಂಡವನ ಕೈ ಚಿಲಕದ ಮೇಲೇ ಇತ್ತು. ಆಚೆ ಮಾಲೀಕನ ಕೆಮ್ಮು, ಚಪ್ಪಲಿ ಸದ್ದು, ಆಮೇಲೆ ಶೂಗಳ ಸದ್ದು, ಈ ಸಲ ಇಳಿಯುವ ಕಡೆಗೆ. ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದ. ಫೋನಿನ ಮೂಲೆಯಲ್ಲಿ ಮೈಕಿನ ಚಿಹ್ನೆ ಹಸಿರಾಗಿ ಮಿಡಿಯುತ್ತಿತ್ತು. ಅವನ ಏದುಸಿರಿಗೆ ತಕ್ಕ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು. ಎದ್ದು ಹೋಗುವಾಗ ಮುಚ್ಚಿರಲಿಲ್ಲ.

ವಯರನ್ನು ಕಿವಿಗಿಟ್ಟುಕೊಂಡ. ಈಗ ಅಂದುಬಿಡುತ್ತಾರೆ, ಅನ್ನಲಿ, ಅಂದರೆ ಮುಗಿಯಿತು ಎಂದು ಕಾದ.

ಚಪ್ಪಾಳೆ ಕೇಳಿತು.

"ತಾತಾ!" ಅಂಕಿಅಂಶ ಕಿರುಚಿದ. "ಮೈ ಜುಮ್ ಅಂತು ಮಾರಾಯ್ರೇ! ಅಕ್ಕನ್ನೂ ಪಾತ್ರಕ್ಕೆ ಇಳಿಸಿದ್ರಲ್ಲ! ಆ ಓನರ್ ಯಾರು? ನಿಜವಾದ ಓನರಾ? ಹೇಗೆ ಒಪ್ಪಿಸಿದ್ರಿ? ನಮ್ಮಪ್ಪನ ಸೀನು ಇದರ ಮುಂದೆ ಏನೂ ಅಲ್ಲ!"

"ಬಾಗಿಲಿನ ಸದ್ದು, ದೂರದ ದನಿ, ಹತ್ತಿರದ ದನಿ, ಎಲ್ಲ ಯೋಚಿಸಿ ಮಾಡಿದೀರಿ" ಎಂದರು ಮೇಷ್ಟ್ರು. "ವಿಷಯವೂ ಪ್ರಸ್ತುತ. ಈ ವರ್ಷ ಬಂದೇ ಬರುತ್ತೆ. ಸರಿ, ಒಬ್ಬೊಬ್ಬರಾಗಿ ಶುರುಮಾಡಿ. ಯಾರಿಗೆಲ್ಲ ಸಂಬಂಧಪಟ್ಟಿದ್ದು ಇದು?"

ಅವನು ಬಾಯಿ ತೆರೆದ. ಇದು ಪ್ರಸಂಗವಲ್ಲ ಎಂಬ ಮಾತು ಅಲ್ಲೇ ಇತ್ತು. ಆಡಿಬಿಟ್ಟರೆ ಆ ಮೂವರು ಅವನನ್ನು ನೋಡಿಬಿಡುತ್ತಾರೆ, ಕ್ಯಾಮೆರಾ ಇಲ್ಲದೆಯೂ. ಆಡದಿದ್ದರೆ ಇಷ್ಟೂ ನಾಟಕವಾಗಿ ಉಳಿಯುತ್ತದೆ, ಅವನು ನಾಟಕವಾಡಿದ ಜಾಣ. ಬಾಯಿ ಮುಚ್ಚಿದ. ಎಂಥ ನಿರಾಳವಾಯಿತೆಂದರೆ ಕಣ್ಣಲ್ಲಿ ನೀರು ಬಂತು.

"ಓನರ್ ವಿಷಯದಲ್ಲಿ ಗೊಂದಲವಿಲ್ಲ" ಎಂದ ಅಂಕಿಅಂಶ. "ಅಜ್ಞಾನ, ಭಯ. ಅರಿವು ಮೂಡಿಸಬೇಕು. ಅಕ್ಕಂದು ಕರ್ತವ್ಯನಿಷ್ಠೆ. ಇಲ್ಲಿ ವಿಲನ್ನು ತಮ್ಮನೇ. ಸ್ವಾರ್ಥ, ಹೇಡಿತನ, ಜೊತೆಗೆ ಇನ್ನೊಬ್ಬರ ಕೈಯಲ್ಲಿ ಹೇಳಿಸೋ ಕಳ್ಳಬುದ್ಧಿ. ಇಂಥವನು ನಾಳೆ ಅಧಿಕಾರಿಯಾದ್ರೆ ಜನರ ಗತಿ ಏನು ಅಂತ ಮುಕ್ತಾಯದಲ್ಲಿ ಬರೀಬಹುದು."

"ಆದರೆ ಅಲ್ಲೇ ಒಂದು ದೋಷ ಇದೆ" ಎಂದರು ಮೇಷ್ಟ್ರು. "ತಾತ, ಬೇಜಾರು ಮಾಡ್ಕೋಬೇಡಿ. ತಮ್ಮನ ಪಾತ್ರ ನಂಬೋ ಹಾಗಿಲ್ಲ. ಭಯಕ್ಕೆ ದೂರ ಇಡೋದು ಸರಿ, ಮನುಷ್ಯಸಹಜ. ಓನರ್ ಹತ್ರ ಹೇಳಿಸೋದೂ ಇರ್ಲಿ. ಆದರೆ ಚೀಲ ಮೊದಲೇ ತುಂಬಿಟ್ಟಿದ್ದ ಅನ್ನೋದು ಅತಿಯಾಯ್ತು. ಸ್ವಂತ ಅಕ್ಕ, ಅವಳ ದುಡಿಮೇಲೇ ಓದ್ತಿರೋನು. ಅಷ್ಟು ಕೆಟ್ಟವರು ಇರಲ್ಲ. ಅದಕ್ಕೆ ಒಂದು ಅಂಕ ಕಳೀತೀನಿ."

ಒಂದು ಅಂಕ ಕಳೆಯುತ್ತಾರಂತೆ. ಅವನಿಗೆ ನಗು ಬಂತು, ಮೈಕಿಗೆ ಕೇಳಿಸದ ಹಾಗೆ ನಕ್ಕ. ಆ ಸ್ವೆಟರನ್ನು ಮಡಚುವಾಗ ಅದರ ಮೊಣಕೈಯಲ್ಲಿ ಹೊಲಿಗೆ ಬಿಟ್ಟದ್ದು ಕಂಡಿತ್ತು. ಸೂಜಿ ಹುಡುಕಿ ಹೊಲಿದು ಮಡಚಿದ್ದ. ಅದನ್ನು ಹೇಳಿದರೆ ಇನ್ನೂ ಎಷ್ಟು ಕಳೆಯುತ್ತಿದ್ದರು? ಹೊರಗೆ ಹಾಕುವುದಕ್ಕೆಂದು ತುಂಬಿದ ಚೀಲದಲ್ಲಿ ಹೊಲಿದ ಸ್ವೆಟರು! ಅವರ ಯಾವ ಉತ್ತರದಲ್ಲೂ ಅದಕ್ಕೆ ಜಾಗವಿಲ್ಲ. ಚಿಕ್ಕವನಿದ್ದಾಗ ಮೈತುಂಬ ಗುಳ್ಳೆ ಎದ್ದು ಅವನನ್ನು ಹಿತ್ತಿಲ ಕೋಣೆಗೆ ಹಾಕಿದ್ದರು. ಅಮ್ಮನೂ ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದಳು. ಅಕ್ಕ ಒಂದು ಮಧ್ಯಾಹ್ನ ಒಳಗೆ ನುಗ್ಗಿ ಪಕ್ಕದಲ್ಲಿ ಮಲಗಿ, "ನಂಗೂ ಬಂದ್ರೆ ಶಾಲೆಗೆ ರಜ ಕಣೋ" ಎಂದಿದ್ದಳು. ಬಂತು. ಅವಳ ಗಲ್ಲದ ಮೇಲೆ ಒಂದು ಕಲೆ ಇನ್ನೂ ಇದೆ. ಮಾಸ್ಕಿನ ಕೆಂಪು ಗೆರೆ ಅದರ ಪಕ್ಕದಲ್ಲೇ ಹಾದುಹೋಗಿತ್ತು.

"ತಮ್ಮನ ಕಡೆಯಿಂದಲೂ ನೋಡಬೇಕು" ಎಂದ. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿತು. "ಅವನನ್ನು ಹೀಗೆ ಮಾಡಿದ್ದು ಯಾರು ಅಂತ ಯಾರೂ ಕೇಳಲ್ವಾ? ಒಂದು ಕುರ್ಚಿ ಇಟ್ಟು ಸಾವಿರ ಜನರನ್ನ ಅದರ ಸುತ್ತ ಓಡಿಸ್ತಾರೆ. ಓಡ್ತಾ ಓಡ್ತಾ ತಲೆ ನರೆಯುತ್ತೆ. ಪರೀಕ್ಷೆ ಇದೆ, ಇಲ್ಲ, ಇದೆ, ಇಲ್ಲ. ವಯಸ್ಸಿಗೆ ಮಾತ್ರ ಮುಂದೂಡಿಕೆ ಇಲ್ಲ. ಒಂದು ಡಿಗ್ರಿ ಮೈ ಬಿಸಿಯಾದ್ರೆ ಗೇಟಿಂದ ಆಚೆ. ಅವನ ಮನೇಲಿ ಇನ್ನೊಂದು ಕೋಣೆ ಇದ್ದಿದ್ರೆ, ಇನ್ನೊಂದು ಬಚ್ಚಲಿದ್ದಿದ್ರೆ ಅವನೂ ಒಳ್ಳೆಯವನೇ ಆಗಿರ್ತಿದ್ದ. ದೊಡ್ಡ ಮನೆಯವರು ನರ್ಸುಗಳಿಗೆ ಬಾಲ್ಕನಿಯಿಂದ ಚಪ್ಪಾಳೆ ತಟ್ಟಬಹುದು. ಅವರ ಮನೆಗೆ ನರ್ಸು ವಾಪಸ್ ಬರಲ್ಲ! ಒಳ್ಳೆತನಕ್ಕೂ ಜಾಗ ಬೇಕು ರೀ, ಚದರಡಿ ಲೆಕ್ಕದಲ್ಲಿ!"

"ವಾಹ್!" ಎಂದ ಅಂಕಿಅಂಶ. "'ಒಳ್ಳೆತನಕ್ಕೂ ಜಾಗ ಬೇಕು.' ಬರ್ಕೊಂಡೆ. ಪ್ರಬಂಧಕ್ಕೆ ಹಾಕ್ತೀನಿ."

ಅವನ ಸಿಟ್ಟು ಅಲ್ಲಿಗೆ ಮುಗ್ಗರಿಸಿತು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಒಂದಕ್ಷರವೂ ಚೀಲವನ್ನು ತುಂಬಿರಲಿಲ್ಲ. ಚೀಲ ತುಂಬಿದ್ದು ಈ ಎರಡು ಕೈ.

"ಲಾಯರಮ್ಮ, ನೀವೇನೂ ಹೇಳ್ಲಿಲ್ಲ" ಎಂದರು ಮೇಷ್ಟ್ರು.

"ನಾನು ಅಂಕ ಕೊಡಲ್ಲ" ಎಂದಳು.

"ಯಾಕೆ?"

"ಅಲ್ಲಿ ನಲ್ಲಿ ಸೋರ್ತಿತ್ತು" ಎಂದಳು. "ನಾಟಕ ಮಾಡೋರು ಮಾತಾಡ್ತಾರೆ. ಆ ಹೊತ್ತಲ್ಲಿ ಯಾರೂ ಮಾತಾಡ್ಲಿಲ್ಲ. ನಲ್ಲಿ ಮಾತ್ರ ಕೇಳಿಸ್ತಿತ್ತು." ಮತ್ತೇನೋ ಹೇಳಲು ಹೊರಟವಳು ತಡೆದುಕೊಂಡಳು.

"ಸೂಕ್ಷ್ಮವಾದ ಗಮನ" ಎಂದರು ಮೇಷ್ಟ್ರು, ಅರ್ಥವಾಗದೆ. "ಸರಿ ತಾತ, ಕಟ್ಟಳೆ ಪ್ರಕಾರ ನಿಮ್ಮ ತೀರ್ಪು. ನೀವು ಅಧಿಕಾರಿ. ಆ ಹೆಣ್ಣುಮಗಳು ಚೀಲ ಹಿಡ್ಕೊಂಡು ನಿಮ್ಮ ಮುಂದೆ ಬಂದು ನಿಂತಿದಾಳೆ."

ಕಿಟಕಿ ಎರಡು ಹೆಜ್ಜೆ ದೂರದಲ್ಲಿತ್ತು. ಎದ್ದು ನಿಂತರೆ ಬೀದಿ ಕಾಣುತ್ತಿತ್ತು: ಮುಚ್ಚಿದ ಅಂಗಡಿಗಳ ಸಾಲು, ನೆಲದ ಮೇಲೆ ಸಾಲು ನಿಲ್ಲುವವರಿಗೆಂದು ಬಳಿದ ಬಿಳಿ ವೃತ್ತಗಳು, ಬಸ್ಸು ನಿಲ್ಲುವ ಜಾಗದ ಸಿಮೆಂಟು ಬೆಂಚು. ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ತಲೆ ಹಿಂದಕ್ಕೆ ಕಂಬಕ್ಕೆ ಆನಿಸಿ ನಿದ್ದೆ ಹೋಗಿದ್ದಳೋ, ಆಕಾಶ ನೋಡುತ್ತಿದ್ದಳೋ. ಅವಳು ಆಸ್ಪತ್ರೆಯಿಂದ ಬಂದವಳೆಂದು ಗೊತ್ತಾಗಿ ಒಬ್ಬ ಮುದುಕ ಬೆಂಚು ಬಿಟ್ಟು ಬಿಸಿಲಲ್ಲಿ ಹೋಗಿ ನಿಂತಿದ್ದ. ಇಳಿದು ಓಡಿದರೆ ಸಿಗುವಷ್ಟು ಹತ್ತಿರ. ಕಿವಿಯ ವಯರು ಮೋಟು. ಅವನು ಫೋನನ್ನೂ ಕೈಗೆತ್ತಿಕೊಂಡು ಕಿಟಕಿಗೆ ಬಂದಿದ್ದ.

"ನಾನು ಈ ಸಂದರ್ಭದಲ್ಲಿ" ಎಂದು ಆರಂಭಿಸಿದ. ಇಷ್ಟು ವರ್ಷ ತಿದ್ದಿದ ನಾಲಿಗೆ ತಾನೇ ದಾರಿ ಹಿಡಿಯಿತು. "ಮೊದಲಿಗೆ, ಆ ದಾದಿಯನ್ನು ಅದೇ ದಿನ, ಅದೇ ಮನೆಗೆ, ಗೌರವದಿಂದ ವಾಪಸ್ ಕರೆತರುತ್ತೇನೆ. ಆದೇಶ ಕಳಿಸುವುದಿಲ್ಲ, ನಾನೇ ಹೋಗುತ್ತೇನೆ. ಏಕೆಂದರೆ ಅವಮಾನ ನಾಲ್ಕು ಜನರೆದುರು ಆಗಿದ್ದರೆ ಮರ್ಯಾದೆಯೂ ನಾಲ್ಕು ಜನರೆದುರೇ ಆಗಬೇಕು. ಮಾಲೀಕನಿಗೆ ಕಾನೂನು ತಿಳಿಸುತ್ತೇನೆ. ಪರೀಕ್ಷೆ ಬರೆಯುವ ತಮ್ಮನಿಗೆ ಬೇರೆ ಕಡೆ ತಂಗುವ ವ್ಯವಸ್ಥೆ ಮಾಡುತ್ತೇನೆ. ಮನೆ ಬಿಡಬೇಕಾದವನು ಭಯಪಡುವವನೇ ಹೊರತು ದುಡಿದು ಬಂದವಳಲ್ಲ..." ಹೇಳುತ್ತ ಹೇಳುತ್ತ ಅವನಿಗೇ ಗಂಟಲು ಕಟ್ಟಿತು. ಗಂಟಲು ಕಟ್ಟಿದ್ದು ಮಾತಿಗೆ ಮೆರುಗು ಕೊಟ್ಟಿತು. ಅದೂ ಅವನಿಗೆ ಗೊತ್ತಾಯಿತು.

"ಒಂಬತ್ತು" ಎಂದರು ಮೇಷ್ಟ್ರು. "ಈ ಗುಂಪಲ್ಲಿ ಇದುವರೆಗೆ ಯಾರಿಗೂ ಕೊಟ್ಟಿಲ್ಲ. ಆ ಚೀಲ ಒಂದು ಇಲ್ಲದಿದ್ರೆ ಹತ್ತೂ ಕೊಡ್ತಿದ್ದೆ."

ಅಷ್ಟರಲ್ಲಿ ಅಂಕಿಅಂಶ ಹೋ ಎಂದು ಕೂಗಿಕೊಂಡ. "ಬಂತು! ಬಂತು! ಅಧಿಕೃತ! ಮುಂದೂಡಿದಾರೆ! ಪರಿಸ್ಥಿತಿ ಸುಧಾರಿಸೋವರೆಗೆ, ಮುಂದಿನ ಪ್ರಕಟಣೆಯವರೆಗೆ!" ಮೇಷ್ಟ್ರು ಇದರಿಂದ ಆಗುವ ಲಾಭ, ನಷ್ಟ ಎರಡನ್ನೂ ಹೇಳತೊಡಗಿದರು. ಇಬ್ಬರ ಮಾತಿನ ಮೇಲೆ ಲಾಯರಮ್ಮನ ದನಿ ಬಿತ್ತು.

"ತಾತ, ಕೆಳಗಿಳೀರಿ. ಓಡಿ."

"ಎಲ್ಲಿಗೆ?" ಎಂದ ಅಂಕಿಅಂಶ.

ಅವನು ವಯರು ಕಿತ್ತೆಸೆದು ಓಡಿದ. ಕೋಣೆ ದಾಟಿದ, ನಡುಮನೆ ದಾಟಿದ, ಚಿಲಕ ಎಳೆದ. ಪರೀಕ್ಷೆ ಇಲ್ಲ, ಸದ್ಯಕ್ಕಂತೂ ಇಲ್ಲ, ಅಕ್ಕಾ ಬಾ ಎನ್ನಬಹುದು. ಅಷ್ಟೇ ಸಾಕಾ, ಪರೀಕ್ಷೆ ಇಲ್ಲ ಅಂತ ಕರೀತಿದ್ಯಾ ಎಂದು ಅವಳು ಕೇಳಿದರೆ? ಅನ್ನಲಿ, ಕಾಲು ಹಿಡಿದರಾಯಿತು. ಬಾಗಿಲು ತೆರೆದ.

ಹೊಸ್ತಿಲಾಚೆ ಚೀಲ ಇಟ್ಟಲ್ಲೇ ಇತ್ತು. ಅವಳು ಅದನ್ನು ಮುಟ್ಟಿರಲಿಲ್ಲ. ಸ್ವೆಟರಿನ ತೋಳು ಜಿಪ್ಪಿನಿಂದ ಹಾಗೇ ಹೊರಗೆ ಇಳಿಬಿದ್ದಿತ್ತು, ಅವನು ಹೊಲಿದ ಮೊಣಕೈ ಮೇಲೆ ಮಾಡಿಕೊಂಡು. ಮೆಟ್ಟಿಲು ಅದರಾಚೆ. ಎತ್ತಿಕೊಂಡು ಓಡಬೇಕು, ಇಲ್ಲವೇ ದಾಟಿಕೊಂಡು ಓಡಬೇಕು. ಬಗ್ಗಿದ. ಚಾಚಿದ ಕೈ ಹಿಡಿಯ ಹತ್ತಿರ ಹೋಗಿ ನಿಂತಿತು. ಅವಳು ನಿಂತಿದ್ದ ಜಾಗದ ಗಾಳಿ. ಅವಳು ಚೀಲದ ಮೇಲೆ ಬಗ್ಗಿ ನೋಡಿರಬಹುದು. ಉಸಿರು ಅಷ್ಟರಲ್ಲೇ ನಿಂತುಹೋಗಿತ್ತು, ತಾನಾಗಿಯೇ.

ಕೆಳಗೆ ಬಸ್ಸು ಬಂದು ನಿಂತ ಸದ್ದಾಯಿತು, ಬಾಗಿಲು ತೆರೆದುಕೊಳ್ಳುವ ನಿಟ್ಟುಸಿರು. ಅವನು ಒಳಗೆ ಓಡಿ, ಗೋಡೆಯ ಗೂಡಿನಲ್ಲಿದ್ದ ಸ್ಪ್ರೇ ಬಾಟಲಿಯನ್ನು ತಂದು, ತಾನೇ ತುಂಬಿ ತಾನೇ ಹೊತ್ತು ತಂದಿಟ್ಟಿದ್ದ ಚೀಲದ ಹಿಡಿಗೆ, ಆಮೇಲೆ ಜಿಪ್ಪಿಗೆ, ಆಮೇಲೆ ಹಸಿರು ತೋಳಿಗೆ, ಎಲ್ಲೂ ಒಂದಿಷ್ಟು ಬಿಡದ ಹಾಗೆ, ಒದ್ದೆಯಾಗುವವರೆಗೆ ಹೊಡೆದ. ಒಣಗಲಿ ಎಂದು ಕಾದು ನಿಂತ.